ತಂತಿವಾದ್ಯ ರಿಪೇರಿಯಲ್ಲಿ ಊರಲ್ಲೇ ಬದುಕು ಕಟ್ಟಬಹುದೇ?

ಪ್ರಶ್ನೆ: ನಾನು ಕಾರ್ಕಳದವನು, ವಯಸ್ಸು 22. ಬಿ.ಕಾಂ. ಮುಗಿಸಿದ್ದೇನೆ. ಒಂಬತ್ತು ವರ್ಷ ಉಡುಪಿಗೆ ಹೋಗಿ ಕರ್ನಾಟಕ ಸಂಗೀತದ ವಯಲಿನ್ ಕಲಿತಿದ್ದೇನೆ. ನಮ್ಮದು ಆಚಾರಿಗಳ ಮನೆ, ಉಳಿ ಹಿಡಿದು ಅಭ್ಯಾಸ ಇದೆ. ಹಳೆಯ ವಯಲಿನ್, ವೀಣೆ ಸರಿಮಾಡುವುದು ಮತ್ತು ಅವುಗಳ ಬೆಲೆ ಕಟ್ಟುವುದನ್ನೇ ಕಸುಬು ಮಾಡಿಕೊಳ್ಳುವ ಆಸೆ ಇದೆ. ಮಂಗಳೂರು, ಉಡುಪಿ ಬಿಟ್ಟು ಹೋಗದೆ ಇದು ಆಗುತ್ತದಾ ಸರ್? ಎಲ್ಲಿ ಕಲಿಯಬೇಕು, ಎಷ್ಟು ವರ್ಷ ಬೇಕು? ಇನ್ನೊಂದು ವಿಷಯ. ಅಜ್ಜ ಇಗರ್ಜಿಯ ಬೆಂಚುಗಳನ್ನು ಮಾಡಿಕೊಟ್ಟಾಗ ಅಲ್ಲಿನ ಕೊಯರ್ ಮಾಸ್ಟರ್ ಒಂದು ವಯಲಿನ್ ಕೊಟ್ಟಿದ್ದರಂತೆ. ಅದರೊಳಗೆ ಸ್ಟ್ರಾಡಿವೇರಿಯಸ್, 1721 ಎಂಬ ಚೀಟಿ ಇದೆ. ಮೇಲಿನ ಹಲಗೆ ಬಿರುಕು ಬಿಟ್ಟಿದೆ. ನಾನೇ ಅಂಟು ಹಾಕಬಹುದಾ? ಅದಕ್ಕೆ ಎಷ್ಟು ಬೆಲೆ ಬರಬಹುದು?

ಉತ್ತರ: ಬಿರುಕಿನ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಉಳಿದದ್ದು ಕಾಯಬಹುದು, ಅದು ಕಾಯುವುದಿಲ್ಲ.

ದಯವಿಟ್ಟು ಆ ಬಿರುಕಿಗೆ ಏನನ್ನೂ ಹಾಕಬೇಡಿ. ಕಪಾಟು, ಬಾಗಿಲಿಗೆ ಹಾಕುವ ಬಿಳಿ ಗೋಂದು ಬೇಡ. ಎರಡು ಟ್ಯೂಬ್ ಕಲಸಿ ಹಚ್ಚುವ ಅಂಟು ಬೇಡ. ಒಂದು ಹನಿಗೆ ಕಚ್ಚಿಕೊಳ್ಳುವ ಅಂಟಂತೂ ಬೇಡವೇ ಬೇಡ. ಬೆರಳಿನಿಂದ ಮುಟ್ಟಿ ನೋಡುವುದೂ ಬೇಡ. ಬಿರುಕಿನೊಳಗೆ ಕೈಯ ಜಿಡ್ಡು ಇಳಿದರೆ ಆಮೇಲೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ನಾಲ್ಕು ತಂತಿಗಳನ್ನೂ ಸ್ವಲ್ಪ ಸ್ವಲ್ಪ ಸಡಿಲ ಮಾಡಿ, ಆದರೆ ಪೂರ್ತಿ ಬಿಚ್ಚಬೇಡಿ. ಒಳಗೆ ಸೌಂಡ್‌ಪೋಸ್ಟ್ ಅಂತ ಒಂದು ಕಡ್ಡಿ ನಿಂತಿದೆ ಅಲ್ವಾ, ಸುಮಾರು 6 ಮಿಲಿಮೀಟರ್ ದಪ್ಪದ್ದು, ಅದಕ್ಕೆ ಯಾವ ಅಂಟೂ ಇಲ್ಲ. ಎರಡು ಹಲಗೆಗಳ ನಡುವೆ ಬರೀ ಒತ್ತಡದಿಂದ ನಿಂತಿರುತ್ತದೆ. ಇಟಾಲಿಯನ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಅದರ ಹೆಸರೇ 'ಆತ್ಮ'. ತಂತಿ ಪೂರ್ತಿ ಬಿಚ್ಚಿದರೆ ಅದು ಬಿದ್ದುಹೋಗಬಹುದು. ಅದು ಬಿದ್ದದ್ದು ಗೊತ್ತಾಗದೆ ಯಾರಾದರೂ ತಂತಿ ಬಿಗಿದರೆ ಮೇಲಿನ ಹಲಗೆ ಕುಸಿಯುತ್ತದೆ. ಆಗ ಒಂದು ಬಿರುಕಿನ ಜಾಗದಲ್ಲಿ ನಾಲ್ಕು ಬಿರುಕು.

ಈಗ ಕಸುಬಿನ ಮಾತಿಗೆ ಬರೋಣ. ಸರಿಮಾಡುವುದು, ಬೆಲೆ ಕಟ್ಟುವುದು ಎಂದು ಎರಡು ಕೆಲಸ ಕೇಳಿದ್ದೀರಿ. ನನ್ನ ಮಟ್ಟಿಗೆ ಇವು ಒಂದರ ಹಿಂದೆ ಒಂದು ಬರುವಂಥವು. ಮೊದಲನೆಯದನ್ನು ಹತ್ತು ವರ್ಷ ಮಾಡಿದ ಮೇಲೆ ಎರಡನೆಯದು ಬರುತ್ತದೆ, ಅದಕ್ಕೆ ಮೊದಲು ಬರುವುದಿಲ್ಲ. ವಾದ್ಯದ ಒಳಗನ್ನು ಕಣ್ಣಾರೆ ನೋಡಿ, ಅದರ ಗಾಯಗಳನ್ನು ತನ್ನ ಕೈಯಿಂದಲೇ ಮುಚ್ಚಿದವನಿಗೆ ಮಾತ್ರ ಅದರ ಬೆಲೆ ಹೇಳುವ ಧೈರ್ಯ ಇರಬೇಕು. ಬೆಲೆ ಕಟ್ಟುವುದನ್ನು ಮಾತ್ರ ಕಲಿಯುತ್ತೇನೆ ಎಂದು ಬಂದ ಹುಡುಗರಿಗೆ ನಾನು ಬೇಡ ಎಂದೇ ಹೇಳಿ ಕಳಿಸಿದ್ದೇನೆ.

ಸರಿಮಾಡುವ ಕೆಲಸ ಶುರುವಾಗುವುದು ಅಂಟಿನಿಂದ. ಹಳೆಯ ಆಚಾರಿಗಳು ಮರವಜ್ರ ಅನ್ನುತ್ತಿದ್ದರು, ಕೆಲವರು ಸರೇಸು ಅನ್ನುತ್ತಾರೆ. ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟು. ಹರಳುಗಳನ್ನು ತಣ್ಣೀರಿನಲ್ಲಿ ನೆನೆಹಾಕಿ, ಆ ಡಬ್ಬವನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸುತ್ತೇವೆ. 60 ಡಿಗ್ರಿ ಬಿಸಿ ಸಾಕು. ಕುದಿಸಿದರೆ ಅದರ ಬಲ ಹೋಯಿತು. ಇಟಲಿಯ ಕ್ರಿಮೋನಾದಲ್ಲಿ ಮುನ್ನೂರು ವರ್ಷದ ಹಿಂದೆ ವಯಲಿನ್ ಮಾಡುತ್ತಿದ್ದವರೂ ಇಂಥ ಅಂಟನ್ನೇ ಬಳಸಿದ್ದರು. ಇದರ ದೊಡ್ಡ ಗುಣ ಏನು ಗೊತ್ತಾ? ಇದು ಬಿಡುತ್ತದೆ. ಸ್ವಲ್ಪ ತೇವ, ಸ್ವಲ್ಪ ಶಾಖ ಸಿಕ್ಕಿದರೆ ಇಳಿದು ಬರುತ್ತದೆ. ಮೇಲಿನ ಹಲಗೆಗೆ ನಾವು ಬೇಕೆಂದೇ ಈ ಅಂಟನ್ನು ತೆಳ್ಳಗೆ ಕಲಸಿ ಹಚ್ಚುತ್ತೇವೆ. ಮಳೆಗೆ ಮರ ಉಬ್ಬಿ ಎಳೆದಾಗ ಅಂಟಿನ ಜಾಗ ಬಿಡಬೇಕು, ಮರ ಒಡೆಯಬಾರದು. ಬಿಟ್ಟ ಜಾಗವನ್ನು ಒಂದು ಗಂಟೆಯಲ್ಲಿ ಮತ್ತೆ ಅಂಟಿಸಬಹುದು. ಒಡೆದ ಮರಕ್ಕೆ ತಿಂಗಳುಗಟ್ಟಲೆ ಕೆಲಸ ಬೇಕು. ಬಿಳಿ ಗೋಂದು ಬಾಗಿಲಿಗೆ ಒಳ್ಳೆಯದೇ. ವಯಲಿನ್‌ನಲ್ಲಿ ಅದು ಮರದ ನರನರಕ್ಕೆ ಇಳಿದು ಕೂರುತ್ತದೆ, ಪೂರ್ತಿ ತೆಗೆಯಲು ಬರುವುದಿಲ್ಲ, ಅದರ ಮೇಲೆ ಮರವಜ್ರ ಹಿಡಿಯುವುದೂ ಇಲ್ಲ. ನನ್ನ ಬೆಂಚಿಗೆ ಬರುವ ಕಷ್ಟದ ಕೇಸುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೊದಲ ಪೆಟ್ಟಿನದಲ್ಲ, ಆ ಪೆಟ್ಟಿಗೆ ಮಾಡಿದ ತಪ್ಪು ರಿಪೇರಿಯದು.

ಮೇಲಿನ ಹಲಗೆ ಬಿಚ್ಚುವುದನ್ನು ನೀವು ಒಮ್ಮೆ ಹತ್ತಿರ ಕೂತು ನೋಡಬೇಕು. ತೆಳ್ಳಗಿನ, ಮೊಂಡಾದ ಅಲಗನ್ನು ಹಲಗೆ ಮತ್ತು ಪಕ್ಕದ ಪಟ್ಟಿಯ ನಡುವೆ, ಅಂಟು ಈಗಾಗಲೇ ಸ್ವಲ್ಪ ಬಿಟ್ಟ ಜಾಗದಲ್ಲಿ ನುಗ್ಗಿಸುತ್ತೇವೆ. ತಳ್ಳುವುದಿಲ್ಲ, ಒರಗಿಸುತ್ತೇವೆ ಅಷ್ಟೇ. ಒಣಗಿದ ಹಳೆಯ ಅಂಟು ಬಿಡುವಾಗ ಟಿಕ್, ಟಿಕ್ ಎಂದು ಸಣ್ಣ ಶಬ್ದ ಬರುತ್ತದೆ. ಆ ಶಬ್ದ ಬರುವವರೆಗೆ ಮುಂದೆ ಹೋಗಬಹುದು. ಶಬ್ದ ಚರ್ ಎಂದು ಬದಲಾಯಿತೋ, ಅಲಗು ಅಂಟು ಬಿಟ್ಟು ಮರವನ್ನು ಹಿಡಿದಿದೆ ಎಂದರ್ಥ. ಅಲ್ಲೇ ನಿಲ್ಲಿಸಿ ಇನ್ನೊಂದು ಕಡೆಯಿಂದ ಬರಬೇಕು. ಒಮ್ಮೊಮ್ಮೆ ಒಂದು ಸುತ್ತು ಬಿಚ್ಚಲು ಅರ್ಧ ದಿನ ಹಿಡಿಯುತ್ತದೆ. ಆ ಹೊತ್ತಿನಲ್ಲಿ ನಮ್ಮ ಅಂಗಡಿಯಲ್ಲಿ ಫ್ಯಾನ್ ಹಾಕುವುದಿಲ್ಲ. ಶಬ್ದ ಕೇಳಿಸಬೇಕು, ಅದಕ್ಕೆ. ನೀವು ಒಂಬತ್ತು ವರ್ಷ ಶ್ರುತಿ ಕೇಳಿದವರು. ನಿಮ್ಮ ಕಿವಿ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ನನ್ನ ತಪ್ಪನ್ನೂ ಹೇಳಬೇಕು. ಚೆನ್ನೈಯಲ್ಲಿ ಕಲಿಯುತ್ತಿದ್ದ ಎರಡನೇ ವರ್ಷ. ಗುರುಗಳು ಊಟಕ್ಕೆ ಹೋಗಿದ್ದರು. ಬೆಂಚಿನ ಮೇಲೆ ಹಳೆಯದೊಂದು ವಯಲಿನ್, ಕೊಳೆಯಿಂದ ಕಪ್ಪಾಗಿತ್ತು. ಒರೆಸಿಟ್ಟರೆ ಅವರಿಗೆ ಖುಷಿಯಾದೀತು ಎಂದು ಹತ್ತಿಗೆ ಸ್ಪಿರಿಟ್ ಹಾಕಿ ಎಡಭಾಗದಲ್ಲಿ ಎರಡೇ ಸಲ ಒರೆಸಿದೆ. ಹತ್ತಿ ಕೆಂಪು ಕಂದು ಬಣ್ಣಕ್ಕೆ ತಿರುಗಿತು. ಕೊಳೆ ಬಂತು ಅಂದುಕೊಂಡೆ. ಬಂದದ್ದು ವಾರ್ನಿಶ್. ಹೆಬ್ಬೆರಳಗಲ ಜಾಗದಲ್ಲಿ ಬಿಳಿ ಮರ ಕಾಣುತ್ತಿತ್ತು. ಸ್ಪಿರಿಟ್ ವಾರ್ನಿಶ್ ಸ್ಪಿರಿಟ್ಟಿಗೆ ಕರಗುತ್ತದೆ ಎನ್ನುವುದು ನನಗೆ ಗೊತ್ತಿತ್ತು, ಆ ಕ್ಷಣದಲ್ಲಿ ನೆನಪಾಗಲಿಲ್ಲ. ಗುರುಗಳು ಬೈಯಲಿಲ್ಲ. ಆ ವಯಲಿನ್ನಿನ ಯಜಮಾನರು ಬಂದಾಗ ಏನಾಯಿತು ಎಂದು ಅವರಿಗೆ ನನ್ನ ಬಾಯಿಂದಲೇ ಹೇಳಿಸಿದರು. ಆಮೇಲೆ ಮೂರು ವಾರ ಆ ಜಾಗದ ಬಣ್ಣ ಹೊಂದಿಸಲು ಕೂರಿಸಿದರು. ಅಂದಿನಿಂದ ಯಾವ ವಾದ್ಯ ಬಂದರೂ ಮೊದಲು ಫೋಟೋ, ಆಮೇಲೆ ಪುಸ್ತಕದಲ್ಲಿ ಟಿಪ್ಪಣಿ, ಆಮೇಲೆ ಕೈ. ಯಾವ ಜಾಗಕ್ಕೆ ಏನು ಹಾಕಿದೆ ಎಂದು ಬರೆದಿಡುತ್ತೇನೆ. ಐವತ್ತು ವರ್ಷ ಬಿಟ್ಟು ಇನ್ನೊಬ್ಬರು ಇದನ್ನು ಬಿಚ್ಚುತ್ತಾರೆ, ಅವರಿಗೆ ನನ್ನ ಕೆಲಸ ಕಾಣಬೇಕು, ಬೇಕಾದರೆ ತೆಗೆಯಲೂ ಬರಬೇಕು.

ಈ ಮಾತು ಚೆನ್ನಾಗಿ ಅರ್ಥ ಆಗಬೇಕಾದರೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಒಮ್ಮೆ ಹೋಗಿ ಬನ್ನಿ. 1900ರ ಸುಮಾರಿಗೆ ಆಂಟೋನಿಯೊ ಮೊಶೇನಿ ಬರೆದ ಚಿತ್ರಗಳು ಅಲ್ಲಿ ಗೋಡೆ, ಸೂರು ತುಂಬ ಇವೆ. ನಮ್ಮ ಮಳೆಗೆ ಅವೂ ಹಾಳಾಗಿದ್ದವು, ಪರಿಣತರು ಬಂದು ಉಳಿಸಿದರು. ಹಾಳಾದ ಜಾಗವನ್ನು ಮಾತ್ರ ತುಂಬುವುದು, ಉಳಿದ ಮೂಲ ಬಣ್ಣವನ್ನು ಮುಟ್ಟದೆ ಬಿಡುವುದು, ಇದೇ ಅಂಥ ಕೆಲಸದ ನಿಯಮ. ಅದೇ ನಿಯಮ ವಯಲಿನ್ನಿಗೂ.

ಊರಲ್ಲೇ ಇದ್ದು ಆಗುತ್ತದಾ ಎಂದು ಕೇಳಿದಿರಿ. ಆಗುತ್ತದೆ. ಕಾರಣ ನಮ್ಮ ಮಳೆಯೇ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ. ಉಡುಪಿಯಲ್ಲಿ ಇನ್ನೂ ಜಾಸ್ತಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ ಆಗಸ್ಟ್ ಹೊತ್ತಿಗೆ, ಗಾಳಿಯ ತೇವ ನೂರಕ್ಕೆ 85, 90ರ ಕೆಳಗೆ ಇಳಿಯುವುದೇ ಕಷ್ಟ. ವಯಲಿನ್ನಿಗೆ ಬೇಕಾದದ್ದು 45ರಿಂದ 55. ಮರ ಉಬ್ಬುತ್ತದೆ, ತಂತಿ ಬಿಗಿಯುವ ಬಿರಡೆ ತಿರುಗುವುದಿಲ್ಲ, ಕತ್ತು ತುಸು ಬಾಗಿ ತಂತಿ ಫಿಂಗರ್‌ಬೋರ್ಡಿನಿಂದ ಮೇಲೆ ನಿಲ್ಲುತ್ತದೆ, ಬೆರಳು ಒತ್ತಿದರೆ ನೋಯುತ್ತದೆ. ಅದೇ ವಾದ್ಯ ಜನವರಿಯಲ್ಲಿ ದಿಲ್ಲಿಗೋ, ದುಬೈಯ ಎಸಿ ರೂಮಿಗೋ ಹೋದರೆ ಮರ ಕುಗ್ಗುತ್ತದೆ, ಬಿರಡೆ ಜಾರುತ್ತದೆ, ಹಲಗೆ ಬಿರುಕು ಬಿಡುತ್ತದೆ. ನಮ್ಮಲ್ಲಿ ಮನೆಗೊಬ್ಬರು ಗಲ್ಫಿನಲ್ಲಿ ಇದ್ದಾರೆ ಅಲ್ವಾ? ಹಾಗಾಗಿ ಈ ತೊಂದರೆ ಇಲ್ಲಿ ಸಾಮಾನ್ಯ. ನಿಮ್ಮ ಮನೆಯ ವಯಲಿನ್ ಊರು ಬಿಟ್ಟು ಹೋಗಿರಲಿಕ್ಕಿಲ್ಲ, ಆದರೂ ಆ ಬಿರುಕಿನ ಹಿಂದೆ ಮಳೆ ಬೇಸಿಗೆಗಳ ಎಳೆದಾಟವೇ ಇರುವ ಸಾಧ್ಯತೆ ಜಾಸ್ತಿ.

ಅಂದ ಹಾಗೆ, ನೀವು ಅಂಗಡಿ ಹಾಕುವ ದಿನ ಬಂದರೆ ಬೋರ್ಡಿಗಿಂತ ಮೊದಲು ತೇವ ಅಳೆಯುವ ಮೀಟರ್ ಮತ್ತು ಗಾಳಿಯ ತೇವ ಹೀರುವ ಯಂತ್ರ ತಗೊಳ್ಳಿ. ಒಂದು ಸಣ್ಣ ರೂಮನ್ನು ಬಾಗಿಲು ಮುಚ್ಚಿ ಒಣಗಿಸಿ ಇಟ್ಟುಕೊಳ್ಳದೆ ಜುಲೈಯಲ್ಲಿ ನಮ್ಮ ಕೆಲಸ ಆಗುವುದೇ ಇಲ್ಲ. ಅಂಟು ಒಣಗದು, ವಾರ್ನಿಶ್ ಒಣಗದು, ಕೇಸಿನ ಒಳಗೆ ಬೂಷ್ಟು ಬರುತ್ತದೆ.

ಕಮಾನಿನ ಕೂದಲಿನದೂ ಇದೇ ಕಥೆ. ಒಂದು ಕಮಾನಿಗೆ ಕುದುರೆ ಬಾಲದ 150ರಿಂದ 200 ಕೂದಲು ಬೇಕು. ತೇವಕ್ಕೆ ಕೂದಲು ಉದ್ದವಾಗುತ್ತದೆ, ಒಣ ಹವೆಗೆ ಕುಗ್ಗುತ್ತದೆ. ಆಟಿಯಲ್ಲಿ ಕೂದಲು ಹಾಕುವವರು ಇದನ್ನು ಮರೆತು ಬಿಗಿಯಾಗಿ ಕಟ್ಟಿಕೊಟ್ಟರೆ, ಡಿಸೆಂಬರ್‌ನಲ್ಲಿ ಆ ಹುಡುಗ ಬೆಂಗಳೂರಿಗೆ ಸ್ಪರ್ಧೆಗೆ ಹೋದಾಗ ಸ್ಕ್ರೂ ಪೂರ್ತಿ ಸಡಿಲ ಮಾಡಿದರೂ ಕಮಾನು ಬಿಗಿದೇ ಇರುತ್ತದೆ. ಹಾಗೇ ಬಿಟ್ಟರೆ ಕಡ್ಡಿಯ ಬಾಗು ಹೋಗುತ್ತದೆ. ಇಲ್ಲಿ ಮಳೆಗಾಲದಲ್ಲಿ ಕೂದಲು ಹಾಕುವಾಗ ಸ್ವಲ್ಪ ಉದ್ದ ಬಿಟ್ಟೇ ಕಟ್ಟಬೇಕು. ಹೊರಗಿನ ಪುಸ್ತಕ ಓದಿದರೆ ಇದು ಸಿಗಲಿಕ್ಕಿಲ್ಲ. ಇಲ್ಲಿ ನಾಲ್ಕು ಮಳೆಗಾಲ ಕಳೆದರೆ ತಾನಾಗಿ ಬರುತ್ತದೆ.

ನಮ್ಮ ಸಂಗೀತದ ವಾದ್ಯಗಳ ಗುರುತುಗಳನ್ನೂ ಓದಲು ಕಲಿಯಬೇಕು. ಕರ್ನಾಟಕ ಸಂಗೀತದವರು ಕೂತು ನುಡಿಸುವವರು. ವಯಲಿನ್ನಿನ ತುದಿಯ ಸುರುಳಿ ಪಾದದ ಮೇಲೆ ಕೂರುತ್ತದೆ. ನಲವತ್ತು ವರ್ಷ ನುಡಿಸಿದವರ ವಾದ್ಯದಲ್ಲಿ ಆ ಸುರುಳಿಯ ಒಂದು ಮಗ್ಗುಲು ಸವೆದು ನುಣ್ಣಗಾಗಿರುತ್ತದೆ. ಗಮಕಕ್ಕೆ ಬೆರಳು ಜಾರಲಿ ಎಂದು ಕೊಬ್ಬರಿ ಎಣ್ಣೆ ಸವರಿಕೊಳ್ಳುವವರಿದ್ದಾರೆ. ಆ ಎಣ್ಣೆ ಫಿಂಗರ್‌ಬೋರ್ಡಿನಿಂದ ಇಳಿದು ಮೇಲಿನ ಹಲಗೆಯ ಮರ ಕುಡಿದು ಕಪ್ಪಾಗಿರುತ್ತದೆ. ನವರಾತ್ರಿಯಲ್ಲಿ ಶಾರದಾ ಪೂಜೆಗೆ ಇಟ್ಟು ಒದ್ದೆ ಗಂಧ, ಕುಂಕುಮ ಹಚ್ಚಿದ್ದು ಹಾಗೇ ಒಣಗಿ ವಾರ್ನಿಶ್‌ನಲ್ಲಿ ಕಲೆಯಾಗಿರುತ್ತದೆ. ಪೂಜೆ ಬೇಡ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕೇಸಿನ ಮೇಲೆ ಹಚ್ಚಿ, ಮರದ ಮೇಲೆ ಬೇಡ ಎನ್ನುತ್ತೇನೆ. ಸವೆದ ಸುರುಳಿಯನ್ನು ಕತ್ತರಿಸಿ ಹೊಸ ಮರ ಕೂರಿಸಿ ಫಳಫಳ ಮಾಡಿಕೊಡುವವರೂ ಇದ್ದಾರೆ. ನಾನು ಮಾಡುವುದಿಲ್ಲ. ಅದು ಹಾಳಾದದ್ದಲ್ಲ. ಒಬ್ಬರು ಜೀವಮಾನವಿಡೀ ನುಡಿಸಿದ ಗುರುತು ಅದು.

ವೀಣೆ ಬೇರೆಯೇ ಲೋಕ. ಹೆಚ್ಚಿನವು ಹಲಸಿನ ಮರದವು. 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಜೇನುಮೇಣ ಕರಗುವುದು 62, 64 ಡಿಗ್ರಿಗೆ, ಆದರೆ ಮೆತ್ತಗಾಗುವುದು ಅದಕ್ಕಿಂತ ಎಷ್ಟೋ ಮೊದಲು. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಗಂಟೆ ಬಿಟ್ಟ ವೀಣೆಯ ಮೆಟ್ಟಿಲು ಜಾರಿ ಸ್ವರ ಕೆಟ್ಟಿರುತ್ತದೆ. ಮತ್ತೆ ಮೇಳ ಕಟ್ಟುವುದೆಂದರೆ ಒಂದೊಂದು ಮೆಟ್ಟಿಲನ್ನೂ ಕಿವಿಯಿಂದಲೇ ಕೂರಿಸಬೇಕು. ನಮ್ಮ ಎರಡು ಜಿಲ್ಲೆಗಳಲ್ಲಿ ವೀಣೆ ಇರುವ ಮನೆಗಳಿವೆ, ಮೇಳ ಕಟ್ಟುವವರು ಬೆರಳೆಣಿಕೆ. ವಯಲಿನ್ ಕಲಿತ ನೀವು ಇದನ್ನೂ ಕಲಿತರೆ ನಿಮ್ಮ ಅಂಗಡಿ ಖಾಲಿ ಇರುವುದಿಲ್ಲ.

ಎಲ್ಲಿ ಕಲಿಯಬೇಕು? ವೀಣೆಗೆ ತಂಜಾವೂರು, ಇಲ್ಲವೇ ನಮ್ಮದೇ ರಾಜ್ಯದ ದೊಡ್ಡಬಳ್ಳಾಪುರ ತಾಲೂಕಿನ ಸಿಂಪಾಡಿಪುರ. ತಂಬೂರಿ, ಸಿತಾರಿಗೆ ಮೀರಜ್. ಅಲ್ಲಿ ಸೋರೆ ಬುರುಡೆ ಆರಿಸುವುದರಿಂದ ಹಿಡಿದು ಜವಾರಿ, ಅಂದರೆ ತಂತಿ ಕೂರುವ ಪಟ್ಟಿಯ ಮೇಲ್ಮೈ, ತಿದ್ದುವವರೆಗೆ ಮನೆತನಗಳೇ ಮಾಡುತ್ತವೆ. ವಯಲಿನ್ನಿಗೆ ನಮ್ಮ ದೇಶದಲ್ಲಿ ಗುರುಗಳನ್ನು ಹುಡುಕಿ ಹೋಗಿ ಅವರ ಅಂಗಡಿಯಲ್ಲಿ ಕೂರುವುದೇ ದಾರಿ. ಚೆನ್ನೈ, ಕೋಲ್ಕತಾದಲ್ಲಿ ಅಂಥವರಿದ್ದಾರೆ. ಹೊರದೇಶಕ್ಕೆ ಹೋಗುವ ಶಕ್ತಿ ಇದ್ದರೆ ಜರ್ಮನಿಯ ಮಿಟ್ಟೆನ್‌ವಾಲ್ಡ್‌ನ ಶಾಲೆ 1858ರದ್ದು, ಕ್ರಿಮೋನಾದ್ದು 1938ರದ್ದು, ಇಂಗ್ಲೆಂಡಿನ ನ್ಯೂವಾರ್ಕ್‌ನಲ್ಲೂ ಒಂದು ಇದೆ. ಶಾಲೆಗಳು ಮುಖ್ಯವಾಗಿ ಕಲಿಸುವುದು ಹೊಸ ವಯಲಿನ್ ಮಾಡುವುದನ್ನು. ಅದು ಒಳ್ಳೆಯದೇ. ಹಳೆಯದನ್ನು ಮುಟ್ಟುವ ಮೊದಲು ನಿಮ್ಮ ಕೈಯಿಂದ ಎರಡಾದರೂ ಹೊಸತು ಮಾಡಿರಬೇಕು. ಹಳೆಯದನ್ನು ಉಳಿಸುವ ವಿದ್ಯೆ ಮಾತ್ರ ಆಮೇಲೆ ಯಾವುದಾದರೂ ಅನುಭವಿಗಳ ಬೆಂಚಿನ ಪಕ್ಕದಲ್ಲೇ ಬರುವುದು. ಸಾಲ ಮಾಡಿ ಹೊರದೇಶಕ್ಕೆ ಓಡಬೇಡಿ. ಮೊದಲು ಎರಡು ವರ್ಷ ಇಲ್ಲಿಯೇ ಯಾರ ಕೈಕೆಳಗಾದರೂ ಇದ್ದು, ಇದು ನಿಮಗೆ ಒಗ್ಗುತ್ತದಾ ನೋಡಿ. ಉಳಿ ಹಿಡಿಯಲು ಬರುತ್ತದೆ ಎಂದಿರಿ. ಸಂತೋಷ. ಆದರೆ ಬಾಗಿಲಿನ ಕೆಲಸದಲ್ಲಿ ಒಂದು ಮಿಲಿಮೀಟರ್ ತಪ್ಪಾದರೆ ನಡೆಯುತ್ತದೆ, ಇಲ್ಲಿ ಹತ್ತನೇ ಒಂದಂಶ ತಪ್ಪಾದರೂ ಸೌಂಡ್‌ಪೋಸ್ಟ್ ಸರಿಯಾಗಿ ಕೂರುವುದಿಲ್ಲ. ಉಳಿಯನ್ನು ಸಾಣೆಕಲ್ಲಿನಲ್ಲಿ ಮಸೆಯುವುದನ್ನೇ ಮತ್ತೆ ಮೊದಲಿನಿಂದ ಕಲಿಯಬೇಕಾದೀತು.

ಈಗ ಬೆಲೆಯ ಮಾತು, ನಿಮ್ಮ ಅಜ್ಜನ ವಯಲಿನ್ ಹಿಡಿದುಕೊಂಡೇ ಹೇಳುತ್ತೇನೆ.

ಸ್ಟ್ರಾಡಿವೇರಿ ಎಂದರೆ ಕ್ರಿಮೋನಾದಲ್ಲಿ ವಯಲಿನ್ ಮಾಡುತ್ತಿದ್ದ ಹೆಸರಾಂತ ಕುಶಲಕರ್ಮಿ, 1737ರಲ್ಲಿ ತೀರಿಕೊಂಡರು. ಅವರ ಕೈಯಿಂದ ಬಂದ ವಾದ್ಯಗಳಲ್ಲಿ ಇವತ್ತು ಉಳಿದಿರುವುದು ಸುಮಾರು 650. ಅವು ಎಲ್ಲಿವೆ, ಯಾರ ಹತ್ತಿರ ಇವೆ ಎನ್ನುವುದು ಬಹುಪಾಲು ದಾಖಲಾಗಿದೆ. ನಿಮ್ಮ ಚೀಟಿಯಲ್ಲಿರುವ ಅದೇ 1721ರ ಒಂದು ವಯಲಿನ್, 'ಲೇಡಿ ಬ್ಲಂಟ್' ಎಂದು ಹೆಸರು, 2011ರಲ್ಲಿ 1 ಕೋಟಿ 59 ಲಕ್ಷ ಡಾಲರಿಗೆ ಹರಾಜಾಯಿತು. ಜಪಾನಿನ ಭೂಕಂಪ ಪರಿಹಾರಕ್ಕೆ ಆ ದುಡ್ಡು ಹೋಯಿತು. ಇಂಥ ಸುದ್ದಿ ಓದಿ ಚೀಟಿ ನೋಡಿದವರಿಗೆ ಎದೆ ಹೊಡೆದುಕೊಳ್ಳುವುದು ಸಹಜ. ಆದರೆ ಸ್ಟ್ರಾಡಿವೇರಿ ಚೀಟಿ ಅಂಟಿಸಿದ ವಯಲಿನ್‌ಗಳು ಲಕ್ಷಗಟ್ಟಲೆ ಇವೆ. 19ನೇ ಶತಮಾನದ ಕೊನೆ, 20ನೆಯದರ ಶುರುವಿನಲ್ಲಿ ಜರ್ಮನಿಯ ಮಾರ್ಕ್‌ನೊಯ್‌ಕಿರ್ಶೆನ್ ಸುತ್ತಮುತ್ತ ಮನೆಮನೆಯಲ್ಲಿ ಒಬ್ಬರು ಕತ್ತು, ಒಬ್ಬರು ಹಲಗೆ, ಒಬ್ಬರು ಬಿರಡೆ ಎಂದು ಮಾಡಿ, ಜೋಡಿಸಿ, ಡಜನ್ ಲೆಕ್ಕದಲ್ಲಿ ಜಗತ್ತಿಗೆಲ್ಲ ಕಳಿಸುತ್ತಿದ್ದರು. ಫ್ರಾನ್ಸಿನ ಮಿರ್ಕೂರ್‌ನಿಂದಲೂ ಬರುತ್ತಿತ್ತು. ಆ ಚೀಟಿ ಮೋಸಕ್ಕೆಂದೇ ಹಾಕಿದ್ದಲ್ಲ, ಸ್ಟ್ರಾಡಿವೇರಿ ಮಾದರಿಯದು ಎಂದು ಹೇಳಲು ಹಾಕಿದ್ದು. ಮೋಸ ಆಮೇಲೆ ಮಾರುವವರು ಸೇರಿಸಿದ್ದು.

ಒಂದು ಸಣ್ಣ ಟಾರ್ಚ್ ಹಿಡಿದು ಎಫ್ ಆಕಾರದ ತೂತಿನಿಂದ ಒಳಗೆ ನೋಡಿ. ಚೀಟಿಯ ಅಂಚಿನಲ್ಲಿ 'ಮೇಡ್ ಇನ್ ಜರ್ಮನಿ' ಎಂದು ಇಂಗ್ಲಿಷಿನಲ್ಲಿ ಇದೆಯಾ? 1891ರಿಂದ ಅಮೆರಿಕಕ್ಕೆ ಹೋಗುವ ಮಾಲಿನ ಮೇಲೆ ದೇಶದ ಹೆಸರು ಹಾಕಲೇಬೇಕು ಎಂಬ ಕಾನೂನು ಬಂತು. ಅಲ್ಲಿಂದೀಚೆಗೆ ಆ ಗುರುತು ಜಾಸ್ತಿ. ಒಳಗಿನ ನಾಲ್ಕು ಮೂಲೆಗಳಲ್ಲಿ ಮರದ ಸಣ್ಣ ತುಂಡುಗಳಿವೆಯಾ, ಖಾಲಿಯಾ? ಮೇಲಿನ ಹಲಗೆಯ ಒಳಬದಿಯಲ್ಲಿ ಉದ್ದಕ್ಕೆ ಇರುವ ಬಾಸ್‌ಬಾರ್ ಬೇರೆ ಮಾಡಿ ಅಂಟಿಸಿದ್ದಾ, ಹಲಗೆಯ ಮರದಲ್ಲೇ ಬಿಟ್ಟು ಕೊರೆದದ್ದಾ? ಹೊರಗೆ ಅಂಚಿನ ಸುತ್ತ ಕಪ್ಪು ಗೆರೆ ಇದೆಯಲ್ಲ, ಅದು ಮರದ ಪಟ್ಟಿ ಕೂರಿಸಿದ್ದಾ, ಶಾಯಿಯಿಂದ ಎಳೆದದ್ದಾ? ಮೂಲೆ ಖಾಲಿ, ಬಾರ್ ಅಲ್ಲೇ ಕೊರೆದದ್ದು, ಗೆರೆ ಶಾಯಿಯದು ಎಂದಾದರೆ ಅದು ಆ ಕಾಲದ ಅಗ್ಗದ ಜರ್ಮನ್ ಮಾಲು ಎನ್ನಬಹುದು. ಚೆನ್ನಾಗಿ ಸರಿಮಾಡಿದರೆ ಹತ್ತಾರು ಸಾವಿರ ರೂಪಾಯಿಯ ವಾದ್ಯ. ಕೋಟಿಯ ಮಾತಲ್ಲ. ಆದರೆ ಒಳ್ಳೆಯ ನಾದ ಬರಬಹುದು. ಇವತ್ತು ಅಂಗಡಿಯಲ್ಲಿ 5-6 ಸಾವಿರಕ್ಕೆ ಸಿಗುವ ಹೊಸ ವಯಲಿನ್ನಿಗಿಂತ ಎಷ್ಟೋ ಚಂದ ನುಡಿಯುವ ಇಂಥ ಹಳೆಯ ವಾದ್ಯಗಳನ್ನು ನಮ್ಮ ಇಗರ್ಜಿಗಳ ಅಟ್ಟದಿಂದಲೇ ಇಳಿಸಿದ್ದೇನೆ.

ಕೆಲವು ವರ್ಷದ ಹಿಂದೆ ಕಿನ್ನಿಗೋಳಿ ಕಡೆಯಿಂದ ಒಬ್ಬರು ಬಾಯಿ, ಅಂದರೆ ಕ್ರೈಸ್ತ ಹೆಂಗಸು, ಬಂದಿದ್ದರು, ವಯಸ್ಸು ಎಪ್ಪತ್ತರ ಮೇಲೆ. ಗಂಡನ ವಯಲಿನ್, ಅದೇ ಚೀಟಿ. ಮನೆಯ ಹಂಚು ಇಳಿಸಿ ಹೊಸ ಮಾಡು ಹಾಕಿಸಬೇಕಿತ್ತು, ಇದನ್ನು ಮಾರಿದರೆ ಆಗುತ್ತದೆ ಎಂದು ಯಾರೋ ಹೇಳಿದ್ದರು. ನಾನು ಅವರನ್ನು ಕೂರಿಸಿ, ಟಾರ್ಚ್ ಕೈಗೆ ಕೊಟ್ಟು, ಖಾಲಿ ಮೂಲೆಗಳನ್ನು ಅವರ ಕಣ್ಣಿಂದಲೇ ನೋಡಿಸಿದೆ. "ಬಾಯಿ, ಇದು ಒಳ್ಳೆಯ ವಾದ್ಯ, ಆದರೆ ಮಾಡಿಗೆ ಆಗುವಷ್ಟು ಇಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ "ನೀವೇ ತಗೊಳ್ಳಿ, ಎಷ್ಟಾದರೂ ಕೊಡಿ" ಅಂದರು. ನಾನು ತಗೊಳ್ಳಲಿಲ್ಲ. ಇದನ್ನು ಮುಖ್ಯವಾಗಿ ನೆನಪಿಡಿ: ಬೆಲೆ ಹೇಳಿದವನು ಅದೇ ವಾದ್ಯವನ್ನು ಕೊಳ್ಳಬಾರದು. ಕಡಿಮೆ ಹೇಳಿದಷ್ಟೂ ನಮಗೇ ಲಾಭ ಎನ್ನುವ ಜಾಗದಲ್ಲಿ ನಾವು ನಿಲ್ಲಲೇಬಾರದು. ಬೆಲೆಯ ಶೇಕಡಾ ಲೆಕ್ಕದಲ್ಲಿ ಫೀಸು ತಗೊಳ್ಳುವುದೂ ತಪ್ಪು, ಆಗ ಜಾಸ್ತಿ ಹೇಳಿದಷ್ಟೂ ಲಾಭ. ಕೆಲಸದ ಹೊತ್ತಿಗೆ ಇಂತಿಷ್ಟು ಎಂದು ಮೊದಲೇ ಹೇಳಿಬಿಡಿ. ಬಾಯಿ ಆಮೇಲೆ ಅದನ್ನು ಮಾರಲೇ ಇಲ್ಲ. ಈಗ ಮೊಮ್ಮಗಳು ಕೊಯರ್‌ನಲ್ಲಿ ನುಡಿಸುತ್ತಾಳೆ.

ಬೆಲೆ ಎಂದರೆ ಒಂದೇ ಅಂಕಿ ಅಲ್ಲ ಎನ್ನುವುದನ್ನೂ ತಿಳಿದುಕೊಳ್ಳಿ. ವಿಮೆಗೆ ಬರೆಯುವ ಬೆಲೆ ಎಂದರೆ, ಇದು ಕಳೆದುಹೋದರೆ ಇಂಥದ್ದೇ ಇನ್ನೊಂದನ್ನು ಅಂಗಡಿಯಲ್ಲಿ ಕೊಳ್ಳಲು ಎಷ್ಟು ಬೇಕು ಎಂದು. ಅದು ಜಾಸ್ತಿ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ, ಇಬ್ಬರಿಗೂ ಅವಸರ ಇಲ್ಲದೆ ಕೊಟ್ಟು ತಗೊಳ್ಳುವ ಬೆಲೆ ಬೇರೆ. ನಾಳೆಯೇ ದುಡ್ಡು ಬೇಕು ಎಂದರೆ ಸಿಗುವುದು ಇನ್ನೂ ಕಡಿಮೆ. ಯಾವುದಕ್ಕಾಗಿ ಕೇಳುತ್ತಿದ್ದೀರಿ ಎಂದು ಮೊದಲು ಕೇಳಿ, ಅದನ್ನು ಕಾಗದದಲ್ಲೇ ಬರೆಯಿರಿ, ತಾರೀಕು, ಅಳತೆ, ಫೋಟೋ, ಹಳೆಯ ರಿಪೇರಿಗಳ ಸಮೇತ. ಗಾಯದ ಜಾಗವೂ ಬೆಲೆ ಇಳಿಸುತ್ತದೆ. ಮೇಲಿನ ಹಲಗೆಯ ಅಂಚಿನ ಬಿರುಕು ಚೆನ್ನಾಗಿ ಸರಿಯಾದರೆ ಅಷ್ಟೇನೂ ನಷ್ಟವಿಲ್ಲ. ಕೆಳಹಲಗೆಯಲ್ಲಿ ಸರಿಯಾಗಿ ಸೌಂಡ್‌ಪೋಸ್ಟ್ ನಿಂತ ಜಾಗದಲ್ಲಿ ಬಿರುಕು ಬಂದರೆ ಉತ್ತಮ ವಾದ್ಯದ ಬೆಲೆಯೂ ಅರ್ಧಕ್ಕೆ ಬೀಳಬಹುದು. ತುಂಬ ಬೆಲೆಬಾಳುವ ವಾದ್ಯಗಳಲ್ಲಿ ಮರದ ಉಂಗುರಗಳನ್ನು ಎಣಿಸಿ ವರ್ಷ ಹೇಳುವ ವಿಧಾನವೂ ಇದೆ. ಅದು ಈ ವರ್ಷಕ್ಕಿಂತ ಮೊದಲು ಮಾಡಿದ್ದಲ್ಲ ಎಂದು ಹೇಳುತ್ತದೆ, ಯಾರು ಮಾಡಿದ್ದು ಎಂದು ಹೇಳುವುದಿಲ್ಲ. ಅಂಥ ವಾದ್ಯ ನಿಮ್ಮ ಕೈಗೆ ಬಂತು ಅನ್ನಿಸಿದರೆ, ನೀವೇ ಹೆಸರು ಹೇಳದೆ ಹೊರಗಿನ ದೊಡ್ಡ ಪರಿಣತರಿಗೆ ಫೋಟೋ ಕಳಿಸಿ. ನಾನೂ ಹಾಗೇ ಮಾಡುತ್ತೇನೆ.

ಕಾನೂನು ಸ್ವಲ್ಪ ಓದಿಕೊಳ್ಳಲೇಬೇಕು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾಕುಸುರಿಯ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ, ಅಂಥದ್ದರ ವ್ಯಾಪಾರಕ್ಕೂ ಲೈಸೆನ್ಸ್ ಬೇಕು. ಮುತ್ತಜ್ಜಿಯ ವೀಣೆಯನ್ನು ದುಬೈಗೆ ಒಯ್ಯುತ್ತೇನೆ ಎಂದು ಬರುವವರಿಗೆ ನೀವು ಇದನ್ನು ಹೇಳಬೇಕಾಗುತ್ತದೆ. ಹಳೆಯ ಮೈಸೂರು ವೀಣೆಗಳಲ್ಲಿ ಆನೆದಂತದ ಕುಸುರಿ ಇರುತ್ತದೆ. ದಂತದ ಮಾರಾಟ ಅಪರಾಧ, ಹಾಗಾಗಿ ಅಂಥ ವೀಣೆಗೆ ಮಾರುವ ಬೆಲೆ ಬರೆದುಕೊಡಲೇ ಬಾರದು. ಹಳೆಯ ಫ್ರೆಂಚ್ ಕಮಾನುಗಳ ಪೆರ್ನಾಂಬುಕೊ ಮರಕ್ಕೂ 2007ರಿಂದ ಅಂತಾರಾಷ್ಟ್ರೀಯ ನಿರ್ಬಂಧ ಇದೆ.

ಹೊಟ್ಟೆಪಾಡಿನ ವಿಷಯ ನೇರವಾಗಿ ಹೇಳುತ್ತೇನೆ. ಮೊದಲ ಮೂರು ನಾಲ್ಕು ವರ್ಷ ಹಳೆಯ ವಾದ್ಯಗಳು ನಿಮ್ಮನ್ನು ಸಾಕುವುದಿಲ್ಲ. ಸಾಕುವುದು ಶಾಲೆ ಮಕ್ಕಳ ವಯಲಿನ್ನಿನ ಕುದುರೆ (ತಂತಿಗಳನ್ನು ಹೊರುವ ಬ್ರಿಜ್) ಸರಿಮಾಡುವುದು, ಬಿರಡೆ ಕೂರಿಸುವುದು, ಕಮಾನಿಗೆ ಕೂದಲು, ಗಿಟಾರಿನ ಸಣ್ಣಪುಟ್ಟ ಕೆಲಸ. ಅದನ್ನು ಕೀಳು ಎಂದುಕೊಳ್ಳಬೇಡಿ. ಹತ್ತು ವರ್ಷದ ಮಗುವಿನ ವಯಲಿನ್ನಿನ ತಂತಿ ಎತ್ತರ ಸರಿ ಇಲ್ಲದಿದ್ದರೆ ಆ ಮಗು ಬೆರಳು ನೋವಿಗೆ ಸಂಗೀತವನ್ನೇ ಬಿಡುತ್ತದೆ. ವಾರದಲ್ಲಿ ಮೂರು ದಿನ ಅಪ್ಪನ ಕೆಲಸ, ಮೂರು ದಿನ ಇದು ಎಂದು ಇಟ್ಟುಕೊಂಡರೆ ಸಾಲ ಆಗುವುದಿಲ್ಲ. ಬಿ.ಕಾಂ. ಓದಿದ್ದು ಲೆಕ್ಕಪತ್ರಕ್ಕೆ ಬರುತ್ತದೆ. ನನಗೆ ಅದು ಗೊತ್ತಿಲ್ಲದೆ ಬಹಳ ಕಷ್ಟಪಟ್ಟೆ.

ಆ ವಯಲಿನ್ನನ್ನು ಒಮ್ಮೆ ತನ್ನಿ. ಮಳೆ ಇದ್ದರೆ ಕೇಸಿಗೆ ಎರಡು ಪ್ಲಾಸ್ಟಿಕ್ ಸುತ್ತಿ, ಬಸ್ಸಿನಲ್ಲಿ ಮೇಲಿನ ಕ್ಯಾರಿಯರ್‌ಗೆ ಹಾಕದೆ ತೊಡೆಯ ಮೇಲೆ ಇಟ್ಟುಕೊಂಡು ಬನ್ನಿ. ಬೆಳಿಗ್ಗೆ ಬಂದರೆ ಒಳ್ಳೆಯದು, ನಮ್ಮ ಬೆಂಚಿನ ಕಿಟಕಿಗೆ ಆಗ ಬೆಳಕು ಚೆನ್ನಾಗಿ ಬರುತ್ತದೆ, ವಾರ್ನಿಶ್ ನೋಡಲು ಅದು ಬೇಕು. ಚೀಟಿಯನ್ನು ಕೀಳಬೇಡಿ. ಸುಳ್ಳು ಚೀಟಿಯಾದರೂ ಆ ವಾದ್ಯದ ಚರಿತ್ರೆಯಲ್ಲಿ ಅದೂ ಒಂದು ಭಾಗ. ಅಪ್ಪನನ್ನೂ ಕರೆದುಕೊಂಡು ಬನ್ನಿ. ಹಿಂದಿನವರು ಈ ಮಳೆಯಲ್ಲಿ ಮರವಜ್ರವನ್ನು ಹೇಗೆ ಒಣಗಿಸುತ್ತಿದ್ದರು ಎಂದು ಅವರ ಹತ್ತಿರ ನನಗೆ ಕೇಳುವುದಿದೆ.